ಮೀಟರಿನಲ್ಲಿ ಪ್ರೆಶರ್ ಪೂರ್ತಿ ಇದ್ದರೂ ಮೊಳೆ ಅರ್ಧಕ್ಕೇ ನಿಲ್ಲುವುದೇಕೆ?

ದೊಡ್ಮನೆ ಕಡೆಯ ಒಂದು ಮರಗೆಲಸದ ಶೆಡ್ಡು ಎಂದುಕೊಳ್ಳೋಣ. ಹೊರಗೆ ಆಷಾಢದ ಮಳೆ. ಕಂಪ್ರೆಸರ್ ಮೀಟರು 7 ಬಾರ್ ತೋರಿಸುತ್ತಿದೆ, ಆದರೆ ಗನ್ನಿನಿಂದ ಹೊಡೆದ ಮೊಳೆ ಹಲಗೆಯಲ್ಲಿ ಅರ್ಧಕ್ಕೇ ನಿಲ್ಲುತ್ತಿದೆ. ಆಗ ನಾವು ಸಾಮಾನ್ಯವಾಗಿ ಮಾಡುವುದೇನು? ಪ್ರೆಶರ್ ಇನ್ನಷ್ಟು ಏರಿಸುವುದು. ಇದು ಸರಿಯೇ? ಬಹುಪಾಲು ಸಂದರ್ಭಗಳಲ್ಲಿ ಅಲ್ಲ.

ಒತ್ತಡ ಬೇರೆ, ಹರಿವು ಬೇರೆ

ತೋಟಕ್ಕೆ ನೀರು ಬಿಡುವವರಿಗೆ ಇದು ಗೊತ್ತು. ಉದ್ದದ ಸಣ್ಣ ಪೈಪಿನ ತುದಿಯನ್ನು ಬೆರಳಿನಿಂದ ಮುಚ್ಚಿದರೆ ನೀರು ಬೆರಳನ್ನೇ ತಳ್ಳುತ್ತದೆ; ಬೆರಳು ತೆಗೆದರೆ ಕಾಲಬುಡದಲ್ಲೇ ಬೀಳುತ್ತದೆ. ಗಾಳಿಯೂ ಹಾಗೆಯೇ. ಗನ್ನು ಸುಮ್ಮನಿದ್ದಾಗ ಮೀಟರ್ ತೋರಿಸುವುದು ನಿಂತ ಗಾಳಿಯ ಒತ್ತಡವನ್ನು. ಗಾಳಿ ಹರಿಯತೊಡಗಿದರೆ ಹೋಸ್, ಫಿಲ್ಟರ್, ಜೋಡಣೆಗಳಲ್ಲಿ ಒತ್ತಡ ಕಳೆದುಹೋಗುತ್ತದೆ. ಅಷ್ಟೇ ಗಾಳಿ ಹರಿಯುವಾಗ 10 ಮಿ.ಮೀ. ಒಳವ್ಯಾಸದ ಹೋಸಿಗಿಂತ 6 ಮಿ.ಮೀ. ಹೋಸಿನಲ್ಲಿ ಈ ನಷ್ಟ ಸುಮಾರು ಹನ್ನೆರಡು ಪಟ್ಟು!

ಮಳೆಗಾಲದ ಗಾಳಿಯಲ್ಲಿ ನೀರು

25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಶೇ. 90 ತೇವಾಂಶವಿರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 20 ಗ್ರಾಂ ನೀರಾವಿ ಇರುತ್ತದೆ. ಅದನ್ನು 7 ಬಾರ್‌ಗೆ ಒತ್ತಿದರೆ ಗಾತ್ರ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ತಣಿದ ಮೇಲೆ ಆ ಗಾಳಿ ಹಿಡಿದಿಟ್ಟುಕೊಳ್ಳುವುದು ಸುಮಾರು 3 ಗ್ರಾಂ ಮಾತ್ರ, ಉಳಿದದ್ದು ನೀರಾಗುತ್ತದೆ. ನಿಮಿಷಕ್ಕೆ 200 ಲೀಟರ್ ಗಾಳಿ ಎಳೆಯುವ ಕಂಪ್ರೆಸರ್ ನಿಲ್ಲದೆ ಓಡಿದರೆ ಗಂಟೆಗೆ ಒಂದು ಲೋಟದಷ್ಟು ನೀರು!

ಈ ನೀರು ಗನ್ನಿನೊಳಗಿನ ಎಣ್ಣೆಯನ್ನು ತೊಳೆಯುತ್ತದೆ, ಒಳಭಾಗಗಳು ಬಿಗಿಯುತ್ತವೆ. ಇನ್ನೂ ಕೆಟ್ಟದ್ದೆಂದರೆ, ಟ್ಯಾಂಕಿನ ತಳ ಒಳಗಿನಿಂದ ತುಕ್ಕು ಹಿಡಿದು ತೆಳ್ಳಗಾಗುತ್ತದೆ. ಹೊರಗಿನ ಬಣ್ಣ ಚೆನ್ನಾಗಿಯೇ ಕಾಣುತ್ತಿರುತ್ತದೆ. ಅಂಥ ಟ್ಯಾಂಕಿಗೆ ಪ್ರೆಶರ್ ಏರಿಸುವುದೆಂದರೆ ಅದು ಸಿಡಿಯುವ ಅಪಾಯವನ್ನು ಪಕ್ಕದಲ್ಲೇ ಇಟ್ಟುಕೊಂಡಂತೆ.

ದೋಷ ಹುಡುಕುವುದು ಹೇಗೆ?

1. ಮೊದಲ ನಾಲ್ಕೈದು ಮೊಳೆ ಸರಿಯಾಗಿ ಹೋಗಿ ಆಮೇಲೆ ಸೋತರೆ, ಗಾಳಿಯ ಹರಿವು ಸಾಲುತ್ತಿಲ್ಲ. ಹೋಸ್, ಫಿಲ್ಟರ್, ಜೋಡಣೆ ನೋಡಿ.

2. ಮೊದಲ ಮೊಳೆಯೇ ಅರ್ಧಕ್ಕೆ ನಿಂತರೆ ಗನ್ನನ್ನು ಅನುಮಾನಿಸಿ: ಸವೆದ ಓ-ರಿಂಗ್, ಒಣಗಿದ ಪಿಸ್ಟನ್. ಮತ್ತಿಯಂಥ ಗಟ್ಟಿ ಮರಕ್ಕೆ ಉದ್ದದ ಮೊಳೆ ಹಾಕಿದ್ದೀರಾ ಎಂದೂ ನೋಡಿ. ಗನ್ನು ಬಿಚ್ಚುವ ಮೊದಲು ಹೋಸ್ ಕಳಚಲೇಬೇಕು.

3. ಟ್ಯಾಂಕ್ ತುಂಬಿಸಿ ಮೋಟಾರ್ ಆಫ್ ಮಾಡಿ, ಅರ್ಧ ಗಂಟೆ ಸುಮ್ಮನೆ ಬಿಡಿ. ಮುಳ್ಳು ಗಣನೀಯವಾಗಿ ಇಳಿದರೆ ಸೋರಿಕೆ ಇದೆ. ಸೋಪಿನ ನೀರು ಅಥವಾ ಅಂಟುವಾಳದ ನೊರೆ ಹಚ್ಚಿದರೆ ಗುಳ್ಳೆ ಜಾಗ ತೋರಿಸುತ್ತದೆ.

4. ಸ್ಯಾಂಡರ್ ಮಾತ್ರ ಸೋಲುತ್ತಿದ್ದರೆ ಕಂಪ್ರೆಸರೇ ಚಿಕ್ಕದಿರಬಹುದು. ಗನ್ನು ಆಗೊಮ್ಮೆ ಈಗೊಮ್ಮೆ ಗಾಳಿ ಕೇಳಿದರೆ, ಸ್ಯಾಂಡರ್ ಒಂದೇ ಸಮನೆ ಕೇಳುತ್ತದೆ. ಒಂದು ಎಚ್‌ಪಿ ಕಂಪ್ರೆಸರ್‌ಗೆ ಅಷ್ಟು ಪೂರೈಸಲು ಸಾಮಾನ್ಯವಾಗಿ ಆಗುವುದಿಲ್ಲ.

ನೆನಪಿಡಿ

ದಿನದ ಕೆಲಸ ಮುಗಿದ ಮೇಲೆ ಒತ್ತಡ ಇಳಿಸಿ, ಟ್ಯಾಂಕಿನ ತಳದ ವಾಲ್ವ್ ತೆರೆದು ನೀರು ಬಸಿಯಿರಿ. ಮಳೆಗಾಲದಲ್ಲಿ ಮಧ್ಯಾಹ್ನವೂ ಒಮ್ಮೆ. ಸೇಫ್ಟಿ ವಾಲ್ವ್ ಬಿಗಿಮಾಡಬೇಡಿ. ತೂತಾದ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಬೇಡ, ಟ್ಯಾಂಕನ್ನೇ ಬದಲಿಸಿ. ಗನ್ನಿನ ಮೇಲೆ ಬರೆದ ಗರಿಷ್ಠ ಒತ್ತಡವನ್ನು ಯಾವ ಕಾರಣಕ್ಕೂ ಮೀರಬೇಡಿ. ಮೊಳೆ ಅರ್ಧಕ್ಕೆ ನಿಂತರೆ ಸುತ್ತಿಗೆಯಿಂದ ಹೊಡೆದುಕೊಳ್ಳಬಹುದು. ಟ್ಯಾಂಕ್ ಒಡೆದರೆ ಸರಿಪಡಿಸಿಕೊಳ್ಳಲು ಅವಕಾಶವೇ ಇರಲಿಕ್ಕಿಲ್ಲ.