ಮಾರ್ಚ್ ತಿಂಗಳ ಒಂದು ಸಹಿ

2007ರ ಮಾರ್ಚ್ ಕೊನೆಯ ವಾರ. ತೆರಿಗೆ ಉಳಿಸುವ ರಸೀದಿಗಳಿಗಾಗಿ ಸಂಬಳದಾರರೆಲ್ಲ ಪರದಾಡುವ ಕಾಲ. ಪಾಸ್‌ಬುಕ್ ಬರೆಸಲೆಂದು ಬ್ಯಾಂಕಿಗೆ ಹೋದ ನನ್ನನ್ನು ಟೈ ಕಟ್ಟಿದ ಯುವಕನೊಬ್ಬ ಎದ್ದು ನಿಂತು ಬರಮಾಡಿಕೊಂಡ. ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗ. ಕುರ್ಚಿ ಎಳೆದು ಕೂರಿಸಿದ, ಕಾಫಿ ತರಿಸಿದ. ಅರ್ಧ ಗಂಟೆಯ ನಂತರ ಹೊರಬಂದಾಗ ವರ್ಷಕ್ಕೆ 50 ಸಾವಿರ ರೂಪಾಯಿ ಕಂತಿನ ಪಿಂಚಣಿ ಪಾಲಿಸಿಯೊಂದಕ್ಕೆ ನಾನು ಸಹಿ ಹಾಕಿಯಾಗಿತ್ತು.

ಆಗ ನನಗೆ 45. ಅನುದಾನರಹಿತ ಕಾಲೇಜಿನ ಉಪನ್ಯಾಸಕ, ಪಿಂಚಣಿಯಿಲ್ಲದ ನೌಕರಿ. ಕೇಂದ್ರ ಸರ್ಕಾರದಲ್ಲಿ 2004ರ ಜನವರಿಯಿಂದ, ರಾಜ್ಯದಲ್ಲಿ 2006ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದವರಿಗೂ ಹಳೆಯ ಪಿಂಚಣಿ ತಪ್ಪಿದ್ದ ದಿನಗಳವು. ‘ಅರವತ್ತಾದ ಮೇಲೆ ಮಕ್ಕಳೆದುರು ಕೈಯೊಡ್ಡುವ ಪರಿಸ್ಥಿತಿ ಬೇಡ ಸರ್’ ಎಂದು ಅವನು ಹೇಳಿದ್ದು ನೇರವಾಗಿ ನಾಟಿತು. ‘ಮೂರೇ ವರ್ಷ ಕಟ್ಟಿ, ಆಮೇಲೆ ಅದು ತಾನೇ ಬೆಳೆಯುತ್ತದೆ’ ಎಂದ. ಮುದ್ರಿತ ಪತ್ರದಲ್ಲಿ ಶೇಕಡ 6 ಮತ್ತು 10ರ ಲೆಕ್ಕಗಳಿದ್ದವು. ಅದನ್ನು ಪಕ್ಕಕ್ಕೆ ಸರಿಸಿ ಬಿಳಿ ಹಾಳೆಯ ಮೇಲೆ ಶೇಕಡ 20ರ ಲೆಕ್ಕ ಬರೆದು ತೋರಿಸಿದ. ಮನೆಯಲ್ಲಿ ಕೇಳಿ ಬರುತ್ತೇನೆಂದಾಗ, ‘ತಿಂಗಳ ಗುರಿ ಮುಟ್ಟಲು ಇದೊಂದೇ ಬಾಕಿ ಸರ್’ ಎಂದು ದನಿ ತಗ್ಗಿಸಿದ. ಶಿಷ್ಯನಿಗೆ ಇಲ್ಲವೆನ್ನಲು ನಾಲಿಗೆ ಏಳಲಿಲ್ಲ. ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಕಡೆಗಳಲ್ಲೆಲ್ಲ ಸಹಿ ಮಾಡಿದೆ.

ದಪ್ಪ ಲಕೋಟೆಯಲ್ಲಿ ಪಾಲಿಸಿ ಮನೆಗೆ ಬಂತು. ಬೇಡವೆನಿಸಿದರೆ 15 ದಿನಗಳೊಳಗೆ ಹಿಂತಿರುಗಿಸುವ ಹಕ್ಕು ಅದರಲ್ಲೇ ಮುದ್ರಿತವಾಗಿತ್ತು. ಪರೀಕ್ಷಾ ಮೌಲ್ಯಮಾಪನದ ಗಡಿಬಿಡಿಯಲ್ಲಿ ಲಕೋಟೆ ಬೀರು ಸೇರಿತು. ವಿದ್ಯಾರ್ಥಿಗಳಿಗೆ ‘ಪ್ರಶ್ನೆಯನ್ನು ಎರಡು ಸಲ ಓದಿ’ ಎಂದು ಬೋಧಿಸುತ್ತಿದ್ದವನು ನಾನು!

ವರ್ಷದ ನಂತರ ಬಂದ ಲೆಕ್ಕಪತ್ರವನ್ನು ಮಾತ್ರ ಓದಿದೆ. ಮೊದಲ ಕಂತಿನ 50 ಸಾವಿರದಲ್ಲಿ 10 ಸಾವಿರ ‘ಹಂಚಿಕೆ ಶುಲ್ಕ’ವಾಗಿ ಕಡಿತಗೊಂಡಿತ್ತು, ಷೇರುಪೇಟೆಗೆ ಹೋದದ್ದು ಉಳಿದ 40 ಸಾವಿರ. ಅದರಿಂದಲೂ ತಿಂಗಳು ತಿಂಗಳು ಆಡಳಿತ ಶುಲ್ಕಕ್ಕೆಂದು ಯೂನಿಟ್‌ಗಳನ್ನು ಕಳೆಯಲಾಗುತ್ತಿತ್ತು. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಹೊತ್ತಿಗೆ 8 ಸಾವಿರದ ಆಸುಪಾಸಿಗೆ ಕುಸಿದಾಗ ನಿದ್ದೆ ಕೆಟ್ಟಿತು. ವಿಚಾರಿಸಲು ಹೋದರೆ ಶಿಷ್ಯನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಮೂರು ಕಂತು ಮುಗಿದ ಮೇಲೆ ಪಾಲಿಸಿಯನ್ನೇ ಒಪ್ಪಿಸಿಬಿಡೋಣವೆಂದುಕೊಂಡೆ. 80ಸಿಸಿಸಿ ಕಲಮಿನಡಿ ವಿನಾಯಿತಿ ಪಡೆದ ಪಿಂಚಣಿ ಯೋಜನೆಯನ್ನು ನಡುವೆ ಬಿಟ್ಟರೆ ಕೈಗೆ ಬರುವ ಹಣ ಆ ವರ್ಷದ ಆದಾಯಕ್ಕೆ ಸೇರಿ ತೆರಿಗೆಗೆ ಒಳಪಡುತ್ತದೆ ಎಂಬುದು ತಿಳಿದದ್ದು ಆಗಲೇ. ಸುಮ್ಮನಾದೆ.

2022ರಲ್ಲಿ ನನಗೆ 60 ತುಂಬಿತು. ಕಟ್ಟಿದ್ದ ಒಂದೂವರೆ ಲಕ್ಷ 3 ಲಕ್ಷ 60 ಸಾವಿರ ರೂಪಾಯಿಯಾಗಿತ್ತು. ಬೆಳೆಯಿತಲ್ಲ ಎನ್ನಬಹುದು. ಅದೇ ಮೂರು ಕಂತುಗಳನ್ನು ಅಂಚೆ ಕಚೇರಿಯ ಪಿಪಿಎಫ್‌ಗೆ ಹಾಕಿದ್ದರೆ, ಸರಾಸರಿ ಶೇಕಡ 8ರ ಲೆಕ್ಕದಲ್ಲಿ, ಸುಮಾರು 4 ಲಕ್ಷ 40 ಸಾವಿರ ತೆರಿಗೆಯಿಲ್ಲದೆ ಕೈಸೇರುತ್ತಿತ್ತು. ಇಲ್ಲಿಯಾದರೋ ಮೂರನೆಯ ಒಂದು ಭಾಗವನ್ನಷ್ಟೇ ಒಟ್ಟಿಗೆ ಪಡೆಯಬಹುದಿತ್ತು. ಉಳಿದ 2 ಲಕ್ಷ 40 ಸಾವಿರಕ್ಕೆ ಕಡ್ಡಾಯವಾಗಿ ವರ್ಷಾಶನ ಕೊಂಡೆ. ಈಗ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ಅದೂ ತೆರಿಗೆಗೆ ಒಳಪಟ್ಟ ಆದಾಯ. ನನ್ನ ಮತ್ತು ಪತ್ನಿಯ ಔಷಧಿಗೆ ಅದು ಸಾಲದು. ಮಗ ಕೊಡುವುದನ್ನು ಸಂಕೋಚದಿಂದಲೇ ತೆಗೆದುಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮದುವೆ ಮನೆಯೊಂದರಲ್ಲಿ ಆ ಶಿಷ್ಯ ಸಿಕ್ಕಿದ್ದ. ಬ್ಯಾಂಕ್ ಬಿಟ್ಟು ಬೇರೆ ಕೆಲಸ ಹಿಡಿದಿದ್ದ. ನಾನು ಏನೂ ಕೇಳಲಿಲ್ಲ. ಅವನೇ ಹೇಳಿದ: ‘ಆ ವರ್ಷ ಅಪ್ಪನಿಗೂ ಅದನ್ನೇ ಮಾಡಿಸಿದ್ದೆ ಸರ್.’ ಅವನ ಮೇಲಿದ್ದ ಸಿಟ್ಟು ಅಂದೇ ಇಳಿಯಿತು. ಗುರಿ ಮುಟ್ಟದಿದ್ದರೆ ನೌಕರಿಯಿಲ್ಲ ಎಂಬ ಭಯವನ್ನು ಅವನು ಹೊತ್ತಿದ್ದ. ಮುಪ್ಪಿನ ಭಯವನ್ನು ನಾನು ಹೊತ್ತಿದ್ದೆ. ಒಂದು ಭಯ ಇನ್ನೊಂದಕ್ಕೆ ಸರಕು ಮಾರಿತ್ತು.

ವಿಮಾ ನಿಯಂತ್ರಣ ಪ್ರಾಧಿಕಾರ 2010ರ ಸೆಪ್ಟೆಂಬರ್‌ನಿಂದ ಇಂಥ ಯೋಜನೆಗಳ ಶುಲ್ಕಗಳಿಗೆ ಮಿತಿ ಹೇರಿತು. 2024ರಲ್ಲಿ ಪಾಲಿಸಿ ಹಿಂತಿರುಗಿಸುವ ಅವಧಿ 30 ದಿನಗಳಿಗೆ ಏರಿತು. ಕಂಪನಿ ದೂರಿಗೆ ಸ್ಪಂದಿಸದಿದ್ದರೆ ಬೆಂಗಳೂರಿನಲ್ಲಿಯೇ ವಿಮಾ ಒಂಬುಡ್ಸ್‌ಮನ್ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಇವೆಲ್ಲ ಸ್ವಾಗತಾರ್ಹವೇ. ಆದರೆ ಮೇಜಿನ ಆಚೆ ಕುಳಿತವರಿಗೆ ಗುರಿಯ ಒತ್ತಡ ಇರುವವರೆಗೆ ಈಚೆ ಕುಳಿತವರು ಮೈಮರೆಯುವಂತಿಲ್ಲ. ಕಾಫಿ ಕುಡಿಯೋಣ, ಮಾತು ಕೇಳೋಣ; ಕಾಗದ ಮಾತ್ರ ಮನೆಗೆ ತಂದು, ಓದಿ, ಮರುದಿನ ಉತ್ತರ ಹೇಳೋಣ. ಮರುದಿನದವರೆಗೆ ಕಾಯಲಾಗದ ಯೋಜನೆ ಮುಪ್ಪಿನವರೆಗೆ ನಮ್ಮನ್ನು ಕಾಯುವುದೆಂದು ನಂಬುವುದು ಹೇಗೆ?