ಐನೂರ್ವರ ಊರು ಐಹೊಳೆ

ಬಾದಾಮಿಯಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಹುನಗುಂದ ತಾಲೂಕಿನ ಮಲಪ್ರಭಾ ದಂಡೆಯ ಮೇಲೆ ಐಹೊಳೆ ಇದೆ. ನಮ್ಮ ಸಮಾಜ ಬಾಂಧವರು ಕೂಡಲಸಂಗಮಕ್ಕೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿಯುತ್ತಾರೆ. ದುರ್ಗದ ಗುಡಿಯ ಮುಂದೆ ಭಾವಚಿತ್ರ ತೆಗೆಸಿಕೊಂಡು ಒಂದು ಗಂಟೆಯೊಳಗೆ ವಾಹನ ಏರಿಬಿಡುತ್ತಾರೆ. ಬಣಜಿಗ ಮನೆತನದವರೂ ಹೀಗೆ ಮಾಡುವುದನ್ನು ಕಂಡಾಗ ಖೇದವೆನಿಸುತ್ತದೆ. ಅವರ ಕುಲನಾಮದ ಚರಿತ್ರೆಯೇ ಈ ಊರಿನೊಡನೆ ಹೆಣೆದುಕೊಂಡಿದೆ.

ಶಾಸನಗಳಲ್ಲಿ ಇದರ ಹೆಸರು ಅಯ್ಯಾವೊಳೆ. ಮಧ್ಯಯುಗದ ದಕ್ಷಿಣ ಭಾರತದಲ್ಲಿ ಪ್ರಬಲವಾಗಿದ್ದ ವರ್ತಕ ಸಂಘವು ತನ್ನನ್ನು ಅಯ್ಯಾವೊಳೆ ಐನೂರ್ವರೆಂದು ಕರೆದುಕೊಂಡಿತು. ತನ್ನ ನಡಾವಳಿಗೆ ವೀರಬಣಂಜು ಧರ್ಮವೆಂದು ಹೆಸರಿಟ್ಟಿತು. ಕುದುರೆ, ಆನೆ, ರತ್ನ, ಗಂಧ, ಕರ್ಪೂರ, ಮೆಣಸು, ಬಟ್ಟೆ ಇವರ ಸರಕು. ನೆಲದ ಮೇಲೆ ಹೇರೆತ್ತುಗಳು, ಕಡಲಿನಲ್ಲಿ ಹಡಗುಗಳು. ಐನೂರ್ವರ ಶಾಸನಗಳು ಕರ್ನಾಟಕ, ಆಂಧ್ರ, ತಮಿಳುನಾಡು, ಶ್ರೀಲಂಕೆಗಳಲ್ಲಿ ದೊರೆತಿವೆ. ದೂರದ ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿಯೂ ಅವರನ್ನು ಹೆಸರಿಸುವ 1088ರ ತಮಿಳು ಶಾಸನವಿದೆ. ಇಂದಿನ ಚಿಕ್ಕ ಹಳ್ಳಿಯನ್ನು ನೋಡಿದವರಿಗೆ ಇದು ನಂಬಲು ಕಷ್ಟ.

ಆದ್ದರಿಂದ ಬೆಳಗಿನ ತಂಪಿನಲ್ಲಿ ಮೊದಲು ಮೇಗುತಿ ಗುಡ್ಡವನ್ನು ಹತ್ತಬೇಕು. ನಡುದಾರಿಯಲ್ಲಿ ಎರಡಂತಸ್ತಿನ ಬೌದ್ಧ ಚೈತ್ಯ, ಮೇಲೆ ಜಿನಾಲಯ. ಇದರ ಗೋಡೆಯಲ್ಲಿಯೇ ರವಿಕೀರ್ತಿಯ ಶಾಸನವಿರುವುದು. ಕಾಲ ಶಕ 556, ಅಂದರೆ ಕ್ರಿ.ಶ. 634. ಇಮ್ಮಡಿ ಪುಲಿಕೇಶಿಯು ಹರ್ಷನನ್ನು ಸೋಲಿಸಿದ್ದನ್ನು ಸಾರುವ ಈ ಸಂಸ್ಕೃತ ಕಾವ್ಯದಲ್ಲಿ ಕವಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿನಲ್ಲಿ ನಿಲ್ಲಿಸಿಕೊಂಡಿದ್ದಾನೆ. (ಕವಿಗಳಿಗೆ ವಿನಯ ಆಗಲೂ ಕಡಿಮೆಯೇ.) ಅಕ್ಷರ ಓದಲು ಬಾರದಿದ್ದರೂ ಮಕ್ಕಳಿಗೆ ಆ ಕಲ್ಲನ್ನು ತೋರಿಸಿರಿ. ಗುಡ್ಡದ ಮೇಲಿನಿಂದ ಕೋಟೆಯ ಗೋಡೆ, ಗುಡಿಗಳ ನಡುವಿನ ಮನೆಗಳು, ಅದರಾಚೆ ಹೊಳೆ ಒಟ್ಟಿಗೆ ಕಾಣುತ್ತವೆ. ಊರಿನ ವಿಸ್ತಾರ ತಿಳಿಯುವುದು ಅಲ್ಲಿಂದಲೇ.

ಕೆಳಗಿಳಿದರೆ ನೂರಕ್ಕೂ ಮಿಕ್ಕಿ ಗುಡಿಗಳು. ಎಲ್ಲವನ್ನೂ ನೋಡುವ ಹಟ ಬೇಡ. ದುರ್ಗದ ಗುಡಿಗೆ ಆ ಹೆಸರು ಬಂದದ್ದು ಪಕ್ಕದ ಕೋಟೆಯಿಂದ, ದುರ್ಗಾದೇವಿಯಿಂದಲ್ಲ. ಅದರ ಗಜಪೃಷ್ಠಾಕಾರವನ್ನು ಹಿಂದಿನಿಂದ ಸುತ್ತಿ ನೋಡಬೇಕು. ಲಾಡಖಾನ ಗುಡಿಯಲ್ಲಿ ಸ್ವಲ್ಪ ಕುಳಿತುಕೊಳ್ಳಿರಿ. ಮರದ ತೊಲೆಗಳನ್ನು ಹೋಲುವ ಕಲ್ಲಿನ ಪಟ್ಟಿಗಳು ಅದರ ಮಾಳಿಗೆಯ ಮೇಲಿವೆ. ಇದು ಮೊದಲು ಸಭಾಮಂಟಪವಾಗಿತ್ತೆಂದು ಕೆಲವು ವಿದ್ವಾಂಸರ ಮತ. ಮುಂದೆ ಲಾಡಖಾನನೆಂಬವನು ಇದರಲ್ಲಿ ವಾಸವಾಗಿದ್ದುದರಿಂದ ಈ ಹೆಸರು ನಿಂತಿತು. ಗುಡಿಗಳು ಮನೆಯಾದುದಕ್ಕೆ ಹಳ್ಳಿಗರನ್ನು ಹಳಿಯುವ ಪ್ರವಾಸಿಗಳನ್ನು ಕಂಡಿದ್ದೇನೆ. ಜನವಸತಿ ತಪ್ಪದೆ ಉಳಿದುದೇ ಈ ಊರಿನ ಪುಣ್ಯವೆಂದು ನನ್ನ ಭಾವನೆ. ಅವರ ಅಂಗಳವನ್ನು ದಾಟುವಾಗ ಒಂದು ಮಾತು ಕೇಳಿ ದಾಟಿರಿ.

ಬಿಸಿಲೇರಿದ ಮೇಲೆ ರಾವಣಫಡಿಯ ಗುಹೆ ತಂಪಾಗಿರುತ್ತದೆ. ಅಲ್ಲಿಯ ನರ್ತಿಸುವ ಶಿವನ ಮುಂದೆ ಮಕ್ಕಳು ತಾವೇ ಸುಮ್ಮನಾಗುತ್ತಾರೆ. ಇಳಿಹೊತ್ತಿಗೆ ಹೊಳೆಯ ದಂಡೆಯ ಗಳಗನಾಥ ಗುಡಿಗಳ ಕಡೆಗೆ ನಡೆಯಿರಿ. ಬುತ್ತಿ ಬಿಚ್ಚಲು ಅದು ಪ್ರಶಸ್ತ ಸ್ಥಳ.

ಐನೂರ್ವರ ಪೇಟೆ ಐಹೊಳೆಯಲ್ಲಿ ಈಗ ಉಳಿದಿಲ್ಲ. ಆದರೆ ಸುತ್ತಲಿನ ಸೀಮೆ ವ್ಯಾಪಾರವನ್ನು ಬಿಟ್ಟಿಲ್ಲ: ಇಳಕಲ್ಲಿನಲ್ಲಿ ಸೀರೆ, ಗುಳೇದಗುಡ್ಡದಲ್ಲಿ ಖಣ. ಸಂಗಮದ ದಾರಿಯಲ್ಲಿ ಅಮೀನಗಡ ಬರುತ್ತದೆ. ಅಲ್ಲಿ ಕರದಂಟಿನ ಅಂಗಡಿಯ ಮುಂದೆ ವಾಹನ ನಿಲ್ಲಿಸಿ, ಲೆಕ್ಕವನ್ನು ಮಕ್ಕಳ ಕೈಗೆ ಕೊಡಿರಿ.