ಬೇಸಿಗೆ ರಜೆ ಅಪ್ಪನಿಗೆ, ವಿಟ್ಲಪಿಂಡಿ ಅಮ್ಮನಿಗೆ?

ಜನವರಿ 1ರಿಂದ ಜೂನ್ 30ರವರೆಗೆ ಅಪ್ಪನ ಮನೆ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ಅಮ್ಮನ ಮನೆ. 2013ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಬೇರೆಯಾದ ಅಪ್ಪ ಅಮ್ಮನ 12 ವರ್ಷದ ಹುಡುಗನೊಬ್ಬನ ವರ್ಷವನ್ನು ಹೀಗೆ ಹಂಚಿತು. ಓದಿನ ಖರ್ಚು ಇಬ್ಬರಿಗೂ ಸಮಪಾಲು, ಶನಿವಾರ ಭಾನುವಾರ ಇನ್ನೊಬ್ಬರ ಭೇಟಿ, ಜತೆಗೆ ಫೋನು, ವಿಡಿಯೊ ಕಾಲ್. 2015ರಲ್ಲಿ ಜಂಟಿ ಪಾಲನೆಗೆ ಕಾನೂನಿನಲ್ಲೇ ಜಾಗ ಕೊಡಿ ಎಂದ ಕಾನೂನು ಆಯೋಗದ 257ನೇ ವರದಿ ಈ ತೀರ್ಪನ್ನೂ ಎತ್ತಿ ಹೇಳಿತು.

ಇದನ್ನೇ ಹಾಗೆಯೇ ಉಡುಪಿಗೆ ತಂದರೆ? ಅತ್ತೂರು ಜಾತ್ರೆ, ಕಾಪುವಿನ ಸುಗ್ಗಿ ಮಾರಿಪೂಜೆ, ಇಡೀ ಬೇಸಿಗೆ ರಜೆ ಪ್ರತಿ ವರ್ಷ ಅಪ್ಪನ ಪಾಲಿಗೆ. ನಾಗರಪಂಚಮಿ, ವಿಟ್ಲಪಿಂಡಿ, ದಸರಾ ರಜೆ, ದೀಪಾವಳಿ ಅಮ್ಮನ ಪಾಲಿಗೆ. ಲೆಕ್ಕ ಸರಿ, ಆದರೆ ಅಪ್ಪನ ಕಡೆಯ ನಾಗಬನಕ್ಕೆ ಪಂಚಮಿಯ ದಿನ ಮಗು ಹೋಗುವುದೇ ಇಲ್ಲ. ಹಬ್ಬ, ರಜೆಗಳನ್ನು ವರ್ಷ ಬಿಟ್ಟು ವರ್ಷ ಅದಲುಬದಲು ಮಾಡುವ ಒಂದು ಸಾಲು ಅಪ್ಪ ಅಮ್ಮನ ಒಪ್ಪಂದದಲ್ಲಿದ್ದರೆ ಜಗಳ ಅರ್ಧ ಕಡಿಮೆ.

ದೂರವೂ ಮುಖ್ಯ. ಒಬ್ಬರು ಕಾಪು, ಇನ್ನೊಬ್ಬರು ಮಣಿಪಾಲ ಎಂದಾದರೆ ವಾರಕ್ಕೊಮ್ಮೆ ಮನೆ ಬದಲಾದರೂ ಶಾಲೆ ಬದಲಾಗಬೇಕಿಲ್ಲ. ಕಾರ್ಕಳವಾದರೆ ಮಳೆಗಾಲದಲ್ಲಿ ದಿನವೂ ಅಷ್ಟು ದೂರ ಬಸ್ಸಿನಲ್ಲಿ ಓಡಾಡಿಸುವುದು ನನಗಂತೂ ಸರಿ ಕಾಣದು. ವಾರವೆಲ್ಲ ಶಾಲೆಯ ಹತ್ತಿರದ ಮನೆ, ರಜೆಯ ದೊಡ್ಡ ಪಾಲು ಇನ್ನೊಂದು ಮನೆ. ಅಪ್ಪ ದುಬೈಯಲ್ಲಿದ್ದರೆ ಊರಿಗೆ ಬರುವುದನ್ನು ಎಷ್ಟು ದಿನ ಮೊದಲು ತಿಳಿಸಬೇಕು, ಮಗುವಿನ ಪಾಸ್‌ಪೋರ್ಟ್ ಯಾರ ಕೈಯಲ್ಲಿ, ಕಾಲ್ ಎಷ್ಟು ಹೊತ್ತಿಗೆ ಎಂದು ಬರೆದಿಡಬೇಕು. (ಅಲ್ಲಿ ಸಂಜೆ ಏಳಾದಾಗ ಇಲ್ಲಿ ಎಂಟೂವರೆ, ಚಿಕ್ಕವರಿಗೆ ಊಟ ಮುಗಿಸಿ ತೂಕಡಿಕೆ.)

ಅಳಿಯಸಂತಾನದ ಈ ಸೀಮೆಯಲ್ಲಿ ಮಗು ತಾಯಿಯ ಬರಿಗೆ, ತಾಯಿಯ ಕುಟುಂಬಕ್ಕೆ ಸೇರಿದ್ದು. 1956ರ ಹಿಂದೂ ಪಾಲಕತ್ವ ಕಾಯಿದೆ ತಂದೆಯನ್ನು ಮೊದಲ ಸಹಜ ಪಾಲಕನೆಂದಿತು, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯಿರಲಿ ಎಂದೂ ಸೇರಿಸಿತು. ಎರಡೂ ಕಡೆಯ ಹಿರಿಯರು ತಮಗೆ ಬೇಕಾದ್ದನ್ನಷ್ಟೇ ನೆನಪಿಟ್ಟುಕೊಂಡು ಮಾತಿಗೆ ಕೂರುತ್ತಾರೆ. ಅದೇ ಕಾಯಿದೆಯ 13ನೇ ಸೆಕ್ಷನ್ ಮಾತ್ರ ಮಗುವಿನ ಹಿತವನ್ನೇ ಎಲ್ಲಕ್ಕಿಂತ ಮೇಲಿಡುತ್ತದೆ.

ಛಾಪಾ ಕಾಗದದ ಮೇಲೆ ಸಹಿ ಹಾಕಿದರಷ್ಟೇ ಸಾಲದು. ಹಿಂದೂ ವಿವಾಹ ಕಾಯಿದೆಯ 13ಬಿ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿ ಹಾಕುವಾಗಲೇ ಷರತ್ತುಗಳನ್ನು ಸೇರಿಸಿ, ಕೋರ್ಟಿನ ಡಿಕ್ರಿಯೊಳಗೆ ಬರುವಂತೆ ನೋಡಿಕೊಳ್ಳಬೇಕು. ಆಮೇಲೂ ಅದು ಕಲ್ಲಿನ ಶಾಸನವಲ್ಲ. ಮಣಿಪಾಲದ ಕೆಲಸ ಬಿಟ್ಟು ಅಮ್ಮ ಬೆಂಗಳೂರಿಗೆ ಹೊರಟರೆ, ಅಥವಾ ಪಿಯುಸಿಗೆ ಬಂದ ಮಗಳು ಕಾರ್ಕಳದಲ್ಲೇ ಓದುತ್ತೇನೆಂದು ಹಟ ಹಿಡಿದರೆ, ಷರತ್ತು ಬದಲಿಸಿಕೊಡಿ ಎಂದು ಇಬ್ಬರಲ್ಲಿ ಯಾರು ಬೇಕಾದರೂ ಮತ್ತೆ ಕೋರ್ಟಿಗೆ ಅರ್ಜಿ ಹಾಕಬಹುದು.